ಬಾರ್ಬಡೋಸಿನಿಂದ ಬಂದ ಮುಡಿ

ಜೂನ್ 9, ಸೋಮವಾರ

ಮೊಮ್ಮಗ ತೇಜುವಿನ ತಲೆಗೆ ಎಣ್ಣೆ ಹಚ್ಚಿ ಆಯಿತು. ಕೊಬ್ಬರಿ ಎಣ್ಣೆಗೆ ಒಂದು ಚಮಚ ಹರಳೆಣ್ಣೆ. ಕೂತ ಕಡೆ ಕೂರುವುದಿಲ್ಲ ಕಳ್ಳ, ಟೀವಿ ಹಾಕಿಕೊಟ್ಟರೆ ಮಾತ್ರ. ಎರಡು ಜಡೆ ಹಾಕಿ ಕ್ರೆಶ್‌ಗೆ ಕಳಿಸಿದೆ. ಕೂದಲು ಬೆನ್ನಿನ ಅರ್ಧಕ್ಕೆ ಬಂದಿದೆ. ತುದಿಯಲ್ಲಿ ಸಣ್ಣ ಗುಂಗುರು. ಹುಟ್ಟಿ ಮೂರು ವರ್ಷವಾದರೂ ಕತ್ತರಿ ಸೋಕಿಲ್ಲ — ಮಾದಪ್ಪನಿಗೆ ಹೊತ್ತ ಮುಡಿ. ಆಗಸ್ಟ್‌ನಲ್ಲಿ ನಾನು ಊರಿಗೆ ಹೊರಡುವಾಗ ಮಗ, ಸೊಸೆ, ಕೂಸು ಎಲ್ಲ ಜೊತೆಗೆ ಬಂದು ಬೆಟ್ಟದಲ್ಲಿ ಇಳಿಸುವುದು ಅಂತ ಮಾತು. ಅದಕ್ಕೇ ನಾನು ಐರ್ಲೆಂಡಿನ ಈ ಗಾಲ್ವೇಗೆ ಬಂದದ್ದು. ಇಲ್ಲದಿದ್ದರೆ ಜೂನ್ ತಿಂಗಳಲ್ಲಿ ಸ್ವೆಟರ್ ಹಾಕುವ ಊರಿಗೆ ಯಾರು ಬರುತ್ತಿದ್ದರು.

ಧೂಪ ಹಾಕುವುದು ಈಗ ಹಿತ್ತಿಲ ಶೆಡ್ಡಿನಲ್ಲಿ. ಹೋದ ಸೋಮವಾರ ಅಡುಗೆಮನೆಯಲ್ಲಿ ಹಾಕಿದೆ, ಮಾಡಿನಲ್ಲಿ ಇರುವ ಅದೇನೋ ಹೊಗೆಯ ಗಂಟೆ ಬಡಿದುಕೊಂಡಿತು ನೋಡು, ಕೂಸು ಕಿವಿ ಮುಚ್ಚಿಕೊಂಡು ಅತ್ತಿತು. ಸೊಸೆ ಅರ್ಪಿತಾ ಟವೆಲ್ ಹಿಡಿದು ಗಾಳಿ ಹಾಕಿದಳು. ಬಯ್ಯಲಿಲ್ಲ. ಆದರೆ ಸಂಜೆ ಹೊತ್ತಿಗೆ ಫೋಟೋ, ಧೂಪದ ಬಟ್ಟಲು, ಕೆಂಡದ ತಟ್ಟೆ ಎಲ್ಲ ಶೆಡ್ಡಿಗೆ ಹೋಗಿತ್ತು. ಹುಲ್ಲು ಕತ್ತರಿಸುವ ಮೆಷಿನ್ನಿನ ಪಕ್ಕ, ಪೇಂಟ್ ಡಬ್ಬದ ಮೇಲೆ ಮಾದಪ್ಪ. ಹುಲಿ ಮೇಲೆ ಕೂತವನು, ಪೇಂಟ್ ಡಬ್ಬದ ಮೇಲೂ ಕೂರುತ್ತಾನೆ.

ಇನ್ನೊಂದು. ಬಾಚಿದಾಗ ಉದುರಿದ ಕೂಸಿನ ಕೂದಲನ್ನು ಉಂಡೆ ಕಟ್ಟಿ ಬಚ್ಚಲುಮನೆಯ ಕಿಟಕಿ ಮೂಲೆಗೆ ಸಿಕ್ಕಿಸಿದ್ದೆ. ಊರಲ್ಲಿ ಗೋಡೆ ಸಂದಿಗೆ ಸಿಕ್ಕಿಸುತ್ತೇವೆ, ಕಾಲಿಗೆ ಸಿಗಬಾರದು ಅಂತ. ಇಲ್ಲಿ ಗೋಡೆಗೆ ಸಂದಿಯೇ ಇಲ್ಲ. ಅರ್ಪಿತಾ ಎರಡು ಬೆರಳಲ್ಲಿ ಎತ್ತಿಕೊಂಡು ಬಂದಳು. "ಅತ್ತೆ, ಬೇಜಾರು ಮಾಡ್ಕೋಬೇಡಿ, ಇದನ್ನ ಬಿನ್‌ಗೆ ಹಾಕ್ಬಿಡಿ." ಹೂಂ ಅಂದೆ. ಹಾಕಲಿಲ್ಲ. ವಿಭೂತಿ ಡಬ್ಬದಲ್ಲಿ ಇಟ್ಟಿದ್ದೇನೆ. ಅವಳು ಆ ಡಬ್ಬ ತೆಗೆಯುವವಳಲ್ಲ.

ಜೂನ್ 16, ಸೋಮವಾರ

ಮಗ ನಂದೀಶ ಪಾರ್ಕ್‌ಮೋರ್‌ನ ಆಫೀಸಿನ ಕೆಲಸ ಮುಗಿಸಿ ಬೇಗ ಬಂದ. ಕೈಯಲ್ಲಿ ಹಣ್ಣು, ನನ್ನ ಉಪವಾಸಕ್ಕೆ. ಆಗಲೇ ಏನೋ ಇದೆ ಅಂದುಕೊಂಡೆ.

ಬಾರ್ಬಡೋಸ್‌ಗೆ ಹೋಗುವುದಂತೆ. ಸಮುದ್ರದ ನಡುವಿನ ದ್ವೀಪ. ಹೆಸರು ನನಗೆ ಹೊಸದಲ್ಲ — ಯಜಮಾನರು ಇದ್ದಾಗ ರೇಡಿಯೋ ಕಿವಿಗೆ ಒತ್ತಿಕೊಂಡು ಅಲ್ಲಿನ ಕ್ರಿಕೆಟ್ ಕೇಳುತ್ತಿದ್ದರು. ಅಲ್ಲಿ ನಮ್ಮವರು ಔಟಾದರೆ ಇಲ್ಲಿ ಊಟ ಬಿಡುತ್ತಿದ್ದರು. ಜುಲೈ ಮೊದಲ ವಾರ ಹೊರಟು ಹತ್ತು ದಿನ. ನನಗೂ ಸೇರಿಸಿ ಬುಕ್ ಆಗಿದೆಯಂತೆ.

ಬೆಟ್ಟಕ್ಕೆ ಹೋಗುವುದು ಯಾವಾಗ ಅಂತ ಕೇಳಿದೆ.

ಲೀವ್ ಎಲ್ಲ ಇದಕ್ಕೇ ಹೋಯಿತಂತೆ. ಆಗಸ್ಟ್‌ನಲ್ಲಿ ಆಗುವುದಿಲ್ಲವಂತೆ. ಬರುವ ವರ್ಷ ಖಂಡಿತ. ಬರುವ ವರ್ಷ, ಬರುವ ವರ್ಷ ಅನ್ನುತ್ತಲೇ ಕೂಸಿನ ಕೂದಲು ಇಷ್ಟುದ್ದ ಬಂತು.

ಹಣ್ಣು ಹೆಚ್ಚಿ ಕೊಟ್ಟ. ತಿಂದೆ.

ಜೂನ್ 17, ಮಂಗಳವಾರ

ನಿನ್ನೆ ಬರೆದ ಮೇಲೂ ಸಮಾಧಾನ ಆಗಲಿಲ್ಲ. ಇದೊಂದು ಬರೆದಿಡಬೇಕು.

ತೇಜು ಏಳು ತಿಂಗಳಿಗೇ ಹುಟ್ಟಿದ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅಂಗೈಯಷ್ಟು ಕೂಸು, ಮೂಗಿಗೆ ಬಾಯಿಗೆಲ್ಲ ನಳಿಕೆ. ಬೆಳಗಿನ ಜಾವ ಊರಿಗೆ ಫೋನು ಬಂತು. ನಂದೀಶ ಅಳುತ್ತಿದ್ದ. ಅವನಪ್ಪನ ಮಣ್ಣಿನಲ್ಲೂ ಹಾಗೆ ಅಳಲಿಲ್ಲ. "ಅವ್ವ, ಮಾದಪ್ಪನ್ನ ಬೇಡ್ಕೊ. ಉಳಿಸ್ಕೊಡು ಅನ್ನು. ಮುಡಿ ಕೊಡ್ತೀವಿ ಅನ್ನು. ನಾನೇ ಎತ್ಕಂಡ್ ಬತ್ತೀನಿ, ಬರಿಗಾಲಲ್ಲಿ ಬತ್ತೀನಿ ಅನ್ನು."

ನಾನು ಹರಕೆ ಮಾಡಿಕೊಂಡೆ ಅಂತ ಇಲ್ಲಿ ಎಲ್ಲರೂ ಅನ್ನುತ್ತಾರೆ. ಬೇಡಿಕೊಂಡವನು ಅವನು. ನಾನು ಬಾಯಿ ಮಾತ್ರ. ತಣ್ಣೀರು ಹುಯ್ದುಕೊಂಡು ಒಂದು ರೂಪಾಯಿ ಬಿಲ್ಲೆ ತೊಳೆದು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದೆ. ಆ ಗಂಟು ಇಲ್ಲಿಗೂ ತಂದಿದ್ದೇನೆ. ಕೂಸಿನ ಕೈ ಮುಟ್ಟಿಸಿ, ಕೂಸಿನ ಜೊತೆಗೇ ವಾಪಸು ಬೆಟ್ಟಕ್ಕೆ ಒಯ್ಯೋಣ ಅಂತ. ಅದು ಅಲ್ಲಿಯೇ ಬಿಚ್ಚಬೇಕಾದ ಗಂಟು.

ಜೂನ್ 22, ಭಾನುವಾರ

ನನ್ನ ಟಿಕೆಟ್ ಕ್ಯಾನ್ಸಲ್. ಸೊಸೆ ನನ್ನ ಪಾಸ್‌ಪೋರ್ಟ್ ತಿರುಗಿಸಿ ನೋಡಿ ಕಂಡುಹಿಡಿದಳು — ನನಗೆ ಇವರು ಮಾಡಿಸಿದ್ದು ಒಂದೇ ಸಲ ಒಳಗೆ ಬರುವ ವೀಸಾ. ಹೊರಗೆ ಹೋದರೆ ಮತ್ತೆ ಐರ್ಲೆಂಡಿಗೆ ಸೇರಿಸುವುದಿಲ್ಲವಂತೆ. ಅರ್ಜಿ ತುಂಬಿದವನು ನಂದೀಶನೇ. ಬೀಗಿತ್ತಿಗೆ ತುಂಬಿದವಳು ಅವರ ಮಗಳು, ಅವರಿಗೆ ಎಷ್ಟು ಸಲ ಬೇಕಾದರೂ ಬರುವ ಹೋಗುವ ವೀಸಾ ಇದೆ.

ಬೀಗಿತ್ತಿ ವಿನೋದಿನಮ್ಮ ಈಗ ಲಂಡನ್ನಿನ ಇನ್ನೊಬ್ಬ ಮಗಳ ಮನೆಯಲ್ಲಿದ್ದಾರೆ. ಅಲ್ಲಿಂದಲೇ ಇವರ ಜೊತೆ ಸೇರಿಕೊಳ್ಳುತ್ತಾರಂತೆ. ಒಳ್ಳೆಯದಾಯಿತು, ಕೂಸು ನೋಡಿಕೊಳ್ಳಲು ಒಬ್ಬರು ಬೇಕಲ್ಲ ಅಂದೆ. ನಂದೀಶ ತಲೆ ತಗ್ಗಿಸಿ ಚಪಾತಿ ಮುರಿದ.

ಹೋಗುವ ಆಸೆ ಇರಲಿಲ್ಲ. ಬಿಟ್ಟು ಹೋಗುವಾಗ ಮಾತ್ರ ಆಸೆ ಇತ್ತೇನೋ ಅನ್ನಿಸುತ್ತದೆ.

ಜುಲೈ 3, ಗುರುವಾರ

ಹೊರಟರು. ತೇಜುವಿಗೆ ಎರಡು ಜಡೆ ಬಿಗಿಯಾಗಿ ಹಾಕಿ ತುದಿಗೆ ಕಪ್ಪು ದಾರ ಕಟ್ಟಿದೆ. ಉಪ್ಪುನೀರಿಗೆ ಇಳಿದರೆ ಅವತ್ತೇ ಸಿಹಿನೀರಲ್ಲಿ ತೊಳೆ, ಒದ್ದೆಯಲ್ಲಿ ಬಾಚಬೇಡ ಅಂತ ಅರ್ಪಿತಾಗೆ ಎರಡು ಸಲ ಹೇಳಿದೆ. ಎಣ್ಣೆ ಸೀಸೆ ಕೊಟ್ಟೆ. ವಿಮಾನದಲ್ಲಿ ಚೆಲ್ಲುತ್ತದೆ ಅಂತ ವಾಪಸು ಇಟ್ಟಳು.

ಫ್ರಿಡ್ಜ್ ತುಂಬಿಸಿದ್ದಾರೆ. ಒಬ್ಬಳಿಗೆ ಇಷ್ಟು ಹಾಲು ಯಾಕೆ.

ಜುಲೈ 6, ಭಾನುವಾರ

ಪಕ್ಕದ ಮನೆ ಬ್ರೀಡಾ ಬಾಗಿಲು ತಟ್ಟಿದಳು. ಎಪ್ಪತ್ತರ ಮೇಲಿನ ಹೆಂಗಸು, ಗಂಡ ಇಲ್ಲ, ಕಾರು ತಾನೇ ಓಡಿಸುತ್ತಾಳೆ. ಅವಳ ಮಾತು ನನಗೆ ಅರ್ಧ, ನನ್ನದು ಅವಳಿಗೆ ಕಾಲು. ಕೈ ಹಿಡಿದು ಕಾರಿಗೆ ಹತ್ತಿಸಿದಳು.

ಹೊಲಗಳ ನಡುವೆ ಒಂದು ಬಾವಿ. ಬಾವಿ ಅಂದರೆ ಕಲ್ಲು ಕಟ್ಟಿದ ಸಣ್ಣ ಊಟೆ, ಅಷ್ಟೆ. ಪಕ್ಕದಲ್ಲಿ ಮುಳ್ಳಿನ ಗಿಡ. ಗಿಡದ ತುಂಬ ಬಟ್ಟೆ ಚೂರುಗಳು, ರಿಬ್ಬನ್ನು, ಜಪಮಾಲೆ, ಒಂದು ಕೂಸಿನ ಕಾಲುಚೀಲ. ನೋಡಿದ ಕೂಡಲೆ ಗೊತ್ತಾಯಿತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇವರೂ ಕಟ್ಟುತ್ತಾರೆ.

ಬ್ರೀಡಾ ಹೊಟ್ಟೆ ಮುಟ್ಟಿಕೊಂಡು ಬೆರಳು ಮಡಿಸಿ ಏನೋ ಹೇಳಿದಳು — ಹೊಟ್ಟೆಯಲ್ಲೇ ಹೋದ ಮಕ್ಕಳ ಲೆಕ್ಕ ಅನ್ನಿಸಿತು. ನಾನು ನೀರು ತಲೆಗೆ ಚಿಮುಕಿಸಿಕೊಂಡೆ. ತಣ್ಣಗೆ, ಮಾದಪ್ಪನ ಬೆಟ್ಟದ ಅಂತರಗಂಗೆ ನೀರಿನ ಹಾಗೆ. ಅಲ್ಲಿಂದಲೇ ಬೆಟ್ಟದ ಕಡೆ ಕೈ ಮುಗಿದೆ. ಯಾವ ಕಡೆ ಅಂತ ಸರಿಯಾಗಿ ಗೊತ್ತಿಲ್ಲ, ಸೂರ್ಯ ಹುಟ್ಟುವ ಕಡೆ ಅಂದುಕೊಂಡೆ.

ವಾಪಸು ಬರುವಾಗ ಬ್ರೀಡಾ "ಗ್ರ್ಯಾಂಡ್?" ಅಂದಳು. ಗ್ರ್ಯಾಂಡ್ ಅಂದೆ. ಇಲ್ಲಿ ಎಲ್ಲದಕ್ಕೂ ಅದೊಂದೇ ಮಾತು.

ಜುಲೈ 9, ಬುಧವಾರ. ಸಂಜೆ

ಮಧ್ಯಾಹ್ನದಿಂದ ಫ್ಯಾಮಿಲಿ ಗ್ರೂಪಿಗೆ ಫೋಟೋ ಬರುತ್ತಿವೆ. ಇವತ್ತು ಅವರದು ಇಡೀ ದಿನದ ತಿರುಗಾಟ, ದೋಣಿಯಲ್ಲಿ. ಇಲ್ಲಿ ಸಂಜೆಯಾದರೆ ಅಲ್ಲಿ ಇನ್ನೂ ಹಗಲು. ಇಲ್ಲಿ ಮಳೆ, ಅಲ್ಲಿ ಕಣ್ಣು ಕುಕ್ಕುವ ಬಿಸಿಲು.

ಮೊದಲನೆಯದು — ಬಿಳಿ ದೋಣಿಯ ಕಂಬಿ ಹಿಡಿದು ನಾಲ್ಕೂ ಜನ. ನಂದೀಶ ಹೂವಿನ ಷರ್ಟು. ಹಾಕಿದವನ ಹೊಟ್ಟೆ ಅವನಪ್ಪನದೇ. ವಿನೋದಿನಮ್ಮ ದೊಡ್ಡ ಟೋಪಿ, ಕಪ್ಪು ಕನ್ನಡಕ. ತೇಜುವಿನ ಜಡೆ ಒಂದು ಬಿಚ್ಚಿದೆ.

ಎರಡನೆಯದು — ನೀರೊಳಗೆ ಆಮೆ. ನೀರು ಕನ್ನಡಿ. ಇಂಥ ನೀರು ಮಾಡಿದ ಮಾದಪ್ಪನ ಹಾಗೇ ನನ್ನನ್ನೂ ಪೇಂಟ್ ಡಬ್ಬದ ಪಕ್ಕ ಕೂರಿಸಿದ್ದಾರೆ ಅಂತ ಒಂದು ಗಳಿಗೆ ಅನ್ನಿಸಿತು. ತಪ್ಪು, ತಪ್ಪು.

ಮೂರನೆಯದು — ಮರಳಲ್ಲಿ ಊಟ. ತಟ್ಟೆಯಲ್ಲಿ ಹುರಿದ ಮೀನು. ಯಾರ ತಟ್ಟೆ ಅಂತ ನೋಡಲು ಹೋಗಲಿಲ್ಲ.

ಆಮೇಲೆ ಸುಮಾರು ಹೊತ್ತು ಏನೂ ಬರಲಿಲ್ಲ. ಮೊಸರನ್ನ ಕಲಸಿಕೊಂಡೆ. ಆಮೇಲೆ ವಿನೋದಿನಮ್ಮ ಒಂದು ಹಾಕಿದರು — ಕುರ್ಚಿ ಮೇಲೆ ಒಂದು ಗಂಡು ಹುಡುಗ, ಕುತ್ತಿಗೆಗೆ ಟವೆಲ್. ಬೋಳಿಗಿಂತ ಎಳ್ಳಷ್ಟು ಜಾಸ್ತಿ ಕೂದಲು. ಕಿವಿ ಎರಡೂ ಎದ್ದು ನಿಂತಿವೆ. ಯಾರ ಮಗುವೋ, ಪಾಪ, ನಮ್ಮ ತೇಜುವಿನ ಹಾಗೇ ನಗುತ್ತದೆ ಅಂದುಕೊಂಡೆ.

ತುತ್ತು ಬಾಯಲ್ಲೇ ಇತ್ತು. ಮತ್ತೆ ನೋಡುವಷ್ಟರಲ್ಲಿ ಫೋಟೋ ಇಲ್ಲ. ಅಳಿಸಿದ್ದಾರೆ ಅಂತ ಬೂದು ಅಕ್ಷರ ಮಾತ್ರ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ.

ಜುಲೈ 10, ಗುರುವಾರ

ವಿಡಿಯೋದಲ್ಲಿ ಬಂದರು. ತೇಜುವಿನ ತಲೆಗೆ ಟೋಪಿ. ತೆಗಿ ಅಂದೆ. ಬಿಸಿಲು ಅವ್ವ ಅಂದ ನಂದೀಶ. ರೂಮಿನೊಳಗೆ ಯಾವ ಬಿಸಿಲು. ಕೂಸೇ ಟೋಪಿ ಎಳೆದು ಎಸೆಯಿತು. "ಲುಕ್ ಅಜ್ಜಿ, ಐಯಾಮ್ ಎ ಬಾಯ್!"

ನಂದೀಶ ಶುರು ಮಾಡಿದ. ಸೆಕೆಗೆ ತಲೆಯೆಲ್ಲ ಗುಳ್ಳೆ ಎದ್ದಿತ್ತು, ಕೆರೆದುಕೊಳ್ಳುತ್ತಿದ್ದ, ಬೇರೆ ದಾರಿ ಇರಲಿಲ್ಲ. ಕೇಳಿದೆ. ಒಂದೇ ಕೇಳಿದೆ — ಕೂದಲು ಎಲ್ಲಿ?

ಒಂದು ಉಸಿರು ತಡೆದ. ಅಷ್ಟೆ. "ಐತೆ ಕನವ್ವ. ಕವರ್‌ಲಿ ಹಾಕಿ ಇಟ್ಟಿವ್ನಿ. ತಂದ್ಕೊಡ್ತೀನಿ, ನೀನೇ ಬೆಟ್ಟಕ್ಕೆ ತಕಂಡೋಗು."

ಫೋನ್ ಇಟ್ಟ ಮೇಲೆ ಅತ್ತೆ. ಬೆಟ್ಟದಲ್ಲಿ ಇಳಿಯಬೇಕಾದ ಮುಡಿ ಯಾವುದೋ ಸಮುದ್ರದ ದಂಡೆಯಲ್ಲಿ ಇಳಿಯಿತು. ಆದರೂ ಎತ್ತಿಟ್ಟಿದ್ದಾನಲ್ಲ. ಅಷ್ಟಾದರೂ ಬುದ್ಧಿ ಬಂತಲ್ಲ ಮಗನಿಗೆ. ಮಾದಪ್ಪ, ಹುಡುಗ ಬುದ್ಧಿ, ಹೊಟ್ಟೆಗೆ ಹಾಕಿಕೊ.

ಜುಲೈ 14, ಸೋಮವಾರ

ಬಂದರು. ಕಪ್ಪಗಾಗಿದ್ದಾರೆ. ನನಗೊಂದು ಶಂಖದ ಸರ, ಬ್ರೀಡಾಗೆ ಕೇಕು.

ನಂದೀಶ ಬಟ್ಟೆ ಬದಲಾಯಿಸುವ ಮೊದಲೇ ಲಕೋಟೆ ತಂದು ಎರಡೂ ಕೈಯಲ್ಲಿ ಕೊಟ್ಟ. ಹೋಟೆಲಿನ ಹೆಸರಿರುವ ದಪ್ಪ ಲಕೋಟೆ, ಅಂಟಿಸಿದೆ. ಕಣ್ಣಿಗೆ ಒತ್ತಿಕೊಂಡೆ. ಬಿಚ್ಚಲಿಲ್ಲ. ಅಮಾವಾಸ್ಯೆ ಹತ್ತಿರವಿದೆ, ಮಾದಪ್ಪನ ದಿನ. ಅವತ್ತು ಮಡಿಯಲ್ಲಿ ಬಿಚ್ಚಿ, ಅರಿಶಿನದ ನೀರು ಹಾಕಿ, ಮುಡಿಪಿನ ಜೊತೆ ಕಟ್ಟುತ್ತೇನೆ. ಅಲ್ಲಿಯತನಕ ಶೆಡ್ಡಿನಲ್ಲಿ ಅವನ ಪಾದದ ಹತ್ತಿರ.

ತೇಜುವಿನ ಬೋಳು ತಲೆಗೆ ಎಣ್ಣೆ ಹಚ್ಚಿದೆ. ಕೈಗೆ ಏನೂ ಸಿಗುವುದಿಲ್ಲ. ಗುಳ್ಳೆ ಎದ್ದ ಗುರುತು ಒಂದೂ ಇಲ್ಲ.

ಜುಲೈ 16, ಬುಧವಾರ

ಅರ್ಪಿತಾ ತಾನಾಗಿ ಹೇಳಿದಳು, ಪಾತ್ರೆ ಒರೆಸುತ್ತ. ದೋಣಿಯಲ್ಲಿ ಮಕ್ಕಳಿಗೆ ಕಡಲ್ಗಳ್ಳರ ಆಟ ಆಡಿಸಿದರಂತೆ. ಗಂಡು ಮಕ್ಕಳಿಗೆಲ್ಲ ಕತ್ತಿ, ಹೆಣ್ಣು ಮಕ್ಕಳಿಗೆ ಕಿರೀಟ. ತೇಜುವಿನ ತಲೆಗೆ ಕಿರೀಟ ಇಟ್ಟು ಪ್ರಿನ್ಸೆಸ್ ಅಂದರಂತೆ. ಕೂಸು ಖುಷಿಯಾಗಿ ಕುಣಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ನಂದೀಶನ ಮುಖ ಮಾತ್ರ ಕಪ್ಪಿಟ್ಟಿತು. ದಡಕ್ಕೆ ಇಳಿದ ಮೇಲೆ ಕೂಸಿಗೆ ಐಸ್‌ಕ್ರೀಂ ಕೊಡಿಸ್ತೀನಿ ಅಂತ ಎತ್ತಿಕೊಂಡು ಹೋದ. ಬರುವಾಗ ಹೀಗೆ.

"ಬೇಡ ಅನ್ನೋಕೆ ನಾನಲ್ಲಿ ಇರ್ಲಿಲ್ಲ ಅತ್ತೆ. ಇವ್ರು ಕಳ್ಸಿದ್ ಫೋಟೋನ ಅಮ್ಮನೂ ಗೊತ್ತಿಲ್ದೆ ಗ್ರೂಪಿಗೆ ಹಾಕಿದ್ರು."

ಗುಳ್ಳೆ ಅಂದನಲ್ಲ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಇರಲಿ. ಒಂದು ಸುಳ್ಳು. ಕೂದಲು ಇದೆ.

ಜುಲೈ 24, ಗುರುವಾರ. ಭೀಮನ ಅಮಾವಾಸ್ಯೆ

ಸೊಸೆ ಬೆಳಿಗ್ಗೆ ಗಂಡನ ಪಾದಪೂಜೆ ಮಾಡಿದಳು, ವಾಟ್ಸಾಪಿಗೆ ಒಂದು ಫೋಟೋ ಆಗುವಷ್ಟು. ನಾನು ಆ ಹೊತ್ತಿಗೆ ಹಿತ್ತಿಲಿಗೆ ಹೋಗಿದ್ದೆ.

ಶೆಡ್ಡು ಒರೆಸಿ, ಕೆಂಡ ಮಾಡಿ, ಲಕೋಟೆ ಬಿಚ್ಚಿದೆ.

ಮುಟ್ಟಿದ ತಕ್ಷಣ ಕೈಗೆ ಗೊತ್ತಾಯಿತು. ನನಗೆ ಆಮೇಲೆ. ಕಪ್ಪು, ಉದ್ದ, ಮಿರಿಮಿರಿ. ಬೆರಳ ಸಂದಿಯಿಂದ ಜಾರುತ್ತದೆ. ಗುಂಗುರು ಇಲ್ಲ. ಎಣ್ಣೆಯ ವಾಸನೆ ಇಲ್ಲ, ಕೂಸಿನ ಬೆವರಿನ ವಾಸನೆಯೂ ಇಲ್ಲ. ಎರಡು ತುದಿಯೂ ಮೊಂಡು. ಹುಟ್ಟುಗೂದಲಿಗೆ ಒಂದು ತುದಿ ಸೂಜಿ ಹಾಗೆ ಇರಬೇಕು.

ಇಲ್ಲ, ನನ್ನ ಕಣ್ಣು ಮಂಜು ಅಂದುಕೊಂಡೆ. ವಿಭೂತಿ ಡಬ್ಬದಿಂದ ಉಂಡೆ ತೆಗೆದೆ, ಬಾಚಿದ ಕೂದಲಿನದು. ಅದರಿಂದ ಒಂದೆಳೆ ಕೆಂಡಕ್ಕೆ ಹಿಡಿದೆ. ಚುರುಗುಟ್ಟಿತು, ಕೂದಲು ಸುಟ್ಟ ವಾಸನೆ ಬಂತು. ಲಕೋಟೆಯಿಂದ ಒಂದೆಳೆ ಹಿಡಿದೆ. ಕರಗಿತು. ಮುದುಡಿ ಮುದುಡಿ ತುದಿಯಲ್ಲಿ ಸಣ್ಣ ಮಣಿಯಾಗಿ ನಿಂತಿತು. ಪ್ಲಾಸ್ಟಿಕ್ ಕೊಡ ಸುಟ್ಟ ನಾತ.

ಆ ನಾತ ಮಾದಪ್ಪನ ಮುಖಕ್ಕೇ ಹೋಯಿತು. ಧೂಪ ಹಾಕಿದೆ, ಮತ್ತೂ ಹಾಕಿದೆ. ಹೋಗಲಿಲ್ಲ.

ಆಗಸ್ಟ್ 4, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಅಡುಗೆ ಮಾಡಿದೆ, ಕೂಸು ನೋಡಿಕೊಂಡೆ, ನಂದೀಶನಿಗೆ ಬಡಿಸಿದೆ. ಮುಖ ನೋಡಿ ಬಡಿಸಲಿಲ್ಲ. ಅವನಿಗೆ ತಿಳಿಯಲೂ ಇಲ್ಲ.

ಇವತ್ತು ಇಲ್ಲಿ ಎಲ್ಲರಿಗೂ ರಜೆ. ಬಿಸಿಲಿತ್ತು. ಹುಲ್ಲು ಕತ್ತರಿಸುವ ಮೆಷಿನ್ ತೆಗೆಯಲು ಶೆಡ್ಡಿಗೆ ಬಂದ. ನಾನು ಧೂಪ ಹಾಕುತ್ತಿದ್ದೆ.

ಬಾ ಅಂದೆ. ಲಕೋಟೆ, ಉಂಡೆ ಎರಡನ್ನೂ ಡಬ್ಬದ ಮುಚ್ಚಳದ ಮೇಲೆ ಇಟ್ಟೆ. ಇದರಿಂದ ಒಂದೆಳೆ, ಅದರಿಂದ ಒಂದೆಳೆ ಕೆಂಡಕ್ಕೆ ಹಿಡಿ ಅಂದೆ. ನಗುತ್ತಲೇ ಹಿಡಿದ. ಲಕೋಟೆಯದು ಕರಗುವಾಗ ನಗು ನಿಂತಿತು.

"ಎಲ್ಲಿ ಸಿಕ್ತು?"

"ಬೀಚಲ್ಲಿ. ಟೂರಿಸ್ಟುಗಳಿಗೆ ಜಡೆ ಹೆಣೀತಾರೆ ಅವ್ವ. ಅವ್ರತ್ರ."

ಕೂಸಿನದು ಏನಾಯಿತು ಅಂತ ಕೇಳಲೇ ಬೇಕಾಗಲಿಲ್ಲ. ಕತ್ತರಿಸಿದವನು ಗುಡಿಸಿ ತೆಗೆದಿದ್ದನಂತೆ. ನಾನು ಫೋನಿನಲ್ಲಿ ಕೇಳುವ ತನಕ ನಂದೀಶನಿಗೆ ನೆನಪೇ ಬರಲಿಲ್ಲವಂತೆ. ಮಾರನೆ ದಿನ ಹೋಗಿ ನೋಡಿದರೆ ಕಸದ ಗಾಡಿ ಬಂದು ಹೋಗಿತ್ತಂತೆ.

"ನಿಂಗೆ ನೋವಾಗ್ಬಾರ್ದು ಅಂತ ಹಿಂಗ್ ಮಾಡ್ದೆ ಕನವ್ವ."

"ನೋವು ತಡಕತೀನಿ ಕನಪ್ಪ, ನಿಮ್ಮಪ್ಪ ಹೋದಾಗ ತಡಕಂಡಿಲ್ವ. ಈ ಪ್ಲಾಸ್ಟಿಕ್ಕ ಮಡ್ಲಲ್ಲಿ ಕಟ್ಕಂಡು, ಉಪಾಸ ಇದ್ದು, ಬರಿಗಾಲಲ್ಲಿ ಬೆಟ್ಟ ಹತ್ತಿ ಅವ್ನ ಮುಂದ ಇಡ್ತಿದ್ನಲ್ಲ ನಾನು. ಅದ ನೆನುಸ್ಕಂಡ್ಯಾ ನೀನು?"

"ದೇವ್ರಿಗೆ ಇದೆಲ್ಲ ಗೊತ್ತಾಗಲ್ವಾ? ಭಾವನೆ ಮುಖ್ಯ ಅವ್ವ."

"ಬೇಡ್ಕಂಡವ್ನು ನೀನು."

ಕೆಂಡ ನೋಡುತ್ತ ನಿಂತ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ. "ಅವತ್ತು ಹೆದರ್ಕಂಡು ಏನೇನೋ ಅಂದೆ. ಆ ಟೈಮಲ್ಲಿ ಯಾರಾದ್ರೂ ಅಂತಾರೆ. ಉಳಿಸ್ದೋರು ಡಾಕ್ಟ್ರು ಕನವ್ವ."

ಅವನು ಮೆಷಿನ್ ಎಳೆದುಕೊಂಡು ಹೋದ. ಹಿತ್ತಿಲಿನ ಹುಲ್ಲನ್ನೆಲ್ಲ ಒಂದೇ ಸಮ ಕತ್ತರಿಸಿದ. ಕತ್ತರಿಸಿದ ಹುಲ್ಲು ಒಂದೆಳೆ ಬಿಡದೆ ಬಾಚಿ ಚೀಲಕ್ಕೆ ತುಂಬಿದ.

ಆಗಸ್ಟ್ 12, ಮಂಗಳವಾರ

ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಲಕೋಟೆಯ ವಿಷಯ ಅರ್ಪಿತಾಗೂ ಗೊತ್ತಿರಲಿಲ್ಲವಂತೆ. ಅವಳಿಗೆ ಹರಕೆಯಲ್ಲಿ ನಂಬಿಕೆ ಅಷ್ಟಕ್ಕಷ್ಟೆ. "ಆದ್ರೂ ಹೀಗಾ ಅತ್ತೆ?" ಅಂದಳು.

ಇವತ್ತು ಕೂಸಿನ ಹಳೆಯ ಬ್ರಷ್ ಎಲ್ಲಿಂದಲೋ ಹುಡುಕಿ ತಂದು ನನ್ನ ಪಕ್ಕ ಕೂತಳು. ಹಲ್ಲುಗಳ ಬುಡದಲ್ಲಿ ಸುತ್ತಿಕೊಂಡಿದ್ದ ಕೂದಲನ್ನು ಸೂಜಿಯಿಂದ ಒಂದೊಂದೇ ಬಿಡಿಸಿದಳು. ನನ್ನ ಉಂಡೆಗೆ ಸೇರಿಸಿದೆವು. ನೆಲ್ಲಿಕಾಯಿ ಗಾತ್ರ ಇತ್ತು, ಈಗ ನಿಂಬೆಕಾಯಿ.

ಸಾಕಾ ಅತ್ತೆ ಅಂದಳು. ಸಾಕು ಅಂದೆ. ಸಾಕಾಗುವುದಿಲ್ಲ. ಮಾದಪ್ಪ ಕೇಳಿದ್ದು ಕೂದಲಲ್ಲ, ಕೂಸಿನ ತಲೆ. ಅಪ್ಪನ ಹೆಗಲ ಮೇಲೆ ಬೆಟ್ಟ ಹತ್ತಿ ಬಂದ ತಲೆ. ಬಾಚಣಿಗೆಯಲ್ಲಿ ಉಳಿದದ್ದು ಮುಡಿಯಾಗುವುದಿಲ್ಲ. ಅದನ್ನು ಆ ಹುಡುಗಿಗೆ ಹೇಗೆ ಹೇಳಲಿ.

ಆಗಸ್ಟ್ 20, ಬುಧವಾರ

ಕೂಸಿನ ತಲೆಯಲ್ಲಿ ಮುಳ್ಳು ಮುಳ್ಳಾಗಿ ಕೂದಲು ಬಂದಿದೆ. ಎಣ್ಣೆ ಹಚ್ಚುವಾಗ ತಾನೇ ಬಂದು ಮುಂದೆ ಕೂತ, ಟೀವಿ ಇಲ್ಲದೆ. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು.

ಮಾದಪ್ಪ ನನ್ನ ಮೇಲೆ ಸಿಟ್ಟಾಗಿದ್ದಾನಾ ಅಂತ ಕೇಳಿದ. ಎಲ್ಲೋ ಕೇಳಿಸಿಕೊಂಡಿದ್ದಾನೆ. ನಿನ್ನ ಮೇಲೆ ಯಾಕೆ ಸಿಟ್ಟು ಚಿನ್ನ ಅಂದೆ. "ಆ್ಯಂಡ್ ಡ್ಯಾಡಿ?"

ಎಣ್ಣೆ ಕಣ್ಣಿಗೆ ಇಳಿಯುತ್ತದೆ, ಕಣ್ಣು ಮುಚ್ಚಿಕೊ ಅಂದೆ.

ಆಗಸ್ಟ್ 27, ಬುಧವಾರ. ಕಾರಿನಲ್ಲಿ

ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದೇವೆ. ಅರ್ಪಿತಾಗೆ ಡ್ಯೂಟಿ, ಬಾಗಿಲಲ್ಲಿ ಕಾಲು ಮುಟ್ಟಿ ಅತ್ತಳು. ಬ್ರೀಡಾ ತಬ್ಬಿಕೊಂಡಳು. ಕೂಸು ಹಿಂದಿನ ಸೀಟಿನಲ್ಲಿ ನಿದ್ದೆ. ದಾರಿ ಉದ್ದ, ಮಾತಾಡಲು ಏನೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ.

ಹೊರಡುವ ಮೊದಲು ಶೆಡ್ಡಿನಿಂದ ಮಾದಪ್ಪನನ್ನು ಪೆಟ್ಟಿಗೆಗೆ ಇಳಿಸಿದೆ. ಪ್ಲಾಸ್ಟಿಕ್ ಲಕೋಟೆ ಬಿನ್‌ಗೆ ಹಾಕಿದೆ, ಸೊಸೆ ಹೇಳಿದ ಬಿನ್ನಿಗೇ. ಕೂಸಿನ ಉಂಡೆ ನನ್ನ ಸೆರಗಿನಲ್ಲಿದೆ. ಅದನ್ನು ಬೆಟ್ಟದಲ್ಲಿ ನೀರಿಗೆ ಬಿಡುತ್ತೇನೆ.

ಕಾರು ಹತ್ತಿದ ಮೇಲೆ ಮುಡಿಪಿನ ಹಳದಿ ಗಂಟು ಬಿಚ್ಚದೆ ಹಾಗೇ ನಂದೀಶನ ಅಂಗೈಯಲ್ಲಿ ಇಟ್ಟೆ. ಏನವ್ವ ಇದು ಅಂದ. ಅವನಿಗೆ ಗುರುತೂ ಸಿಗಲಿಲ್ಲ.

"ಊರಿಗೋದ್ ಮೊದಲ್ನೆ ಸೋಮವಾರ ನನ್ ತಲೆ ಮುಡಿ ಕೊಟ್ಬತ್ತೀನಿ. ಅದು ತಪ್ಪುಕಾಣಿಕೆ. ಮುಡಿಪು ನಿಂದು. ಕೂಸ್ನ ಯಾವತ್ತು ಹೆಗ್ಲ ಮೇಲೆ ಹೊತ್ಕಂಡ್ ಬತ್ತಿಯೋ ಅವತ್ತು ನೀನೇ ಬಿಚ್ಚು. ಅಲ್ಲೀಗಂಟ ನೆಲಕ್ಕೆ ಬೀಳ್ಬಾರ್ದು, ಕೈ ಬಿಡ್ಬಾರ್ದು. ಕೇಳುಸ್ತಾ?"

"ನೀನ್ಯಾಕವ್ವ ತಲೆ ಕೊಡ್ಬೇಕು." ಅಷ್ಟೇ ಅಂದ. ಕಣ್ಣು ಒದ್ದೆ ಆಯಿತು, ನಿಜ ಹೇಳಬೇಕು. ಗಂಟನ್ನು ಹಿಡಿದುಕೊಂಡೇ ಸ್ವಲ್ಪ ದೂರ ಓಡಿಸಿದ. ನನ್ನ ಎದೆ ತಣ್ಣಗಾಯಿತು, ಎಲ್ಲ ಮರೆಯುವ ಹಾಗೆ. ಆಮೇಲೆ ಗೇರ್ ಬದಲಾಯಿಸಬೇಕಾಯಿತು. ಎಡಗೈ ಕೆಳಗೆ ಒಂದು ಗೂಡಿದೆ, ಟೋಲಿಗೆ ಅಂತ ಚಿಲ್ಲರೆ ಹಾಕಿಡುವ ಗೂಡು. ಅದರೊಳಗೆ ಹಾಕಿದ.

ನೋಡಿದೆ. ಆಮೇಲೆ ಜೇಬಿಗೆ ಹಾಕಿಕೊಳ್ಳುತ್ತಾನೆ, ಇಳಿದ ಮೇಲೆ ತೆಗೆದುಕೊಳ್ಳುತ್ತಾನೆ ಅಂದುಕೊಂಡೆ.

ಇಲ್ಲಿ ಟೋಲಿನಲ್ಲಿ ಮನುಷ್ಯರು ಇರುವುದಿಲ್ಲ. ಕಿಟಕಿಯ ಹೊರಗೆ ಒಂದು ಬುಟ್ಟಿ, ಚಿಲ್ಲರೆ ಅದರೊಳಗೆ ಎಸೆಯಬೇಕು, ಕಂಬ ಮೇಲೇಳುತ್ತದೆ. ನಾನು ಬಂದ ದಿನ ಅದನ್ನು ನೋಡಿ ಹೊಳೆಗೆ ಕಾಸು ಹಾಕಿದ ಹಾಗೆ ಅಂದಿದ್ದೆ, ನಕ್ಕಿದ್ದ. ಮೊದಲನೆ ಟೋಲ್ ಆಯಿತು. ಮೇಲಿನ ಚಿಲ್ಲರೆ ತೆಗೆದು ಎಸೆದ. ಗಂಟು ಅಡಿಗೆ ಜಾರಿತು.

ಆಫೀಸಿನಿಂದ ಫೋನು ಬಂದಿದೆ. ಕಿವಿಗೆ ಸಿಕ್ಕಿಸಿಕೊಂಡು ಮಾತಾಡುತ್ತಿದ್ದಾನೆ. ನಗುತ್ತಿದ್ದಾನೆ. ಬಾರ್ಬಡೋಸ್ ಅನ್ನುವುದು ಮಾತ್ರ ನನಗೆ ತಿಳಿಯಿತು.

ಎರಡನೆಯದು ಬಂತು. ಕಿಟಕಿ ಇಳಿಸಿದ. ಕಣ್ಣು ಮುಂದಿನ ಕಾರಿನ ಮೇಲೆ. ಎಡಗೈ ಗೂಡಿಗೆ ಹೋಯಿತು. ಮುಷ್ಟಿ ತುಂಬ ಬಾಚಿದ. ಬೆರಳ ಸಂದಿಯಲ್ಲಿ ಹಳದಿ —